ತರುಣರ ದೇಹದ ಅಳತೆಗಳೂ ಹೃದಯದ ಆರೋಗ್ಯವೂ

ಎತ್ತನ್ನು ಕೊಳ್ಳುವ ಒಕ್ಕಲಿಗನು ಅದರ ಹಲ್ಲು, ಗೊರಸು, ಎದೆಯ ಸುತ್ತಳತೆಗಳನ್ನು ಪರೀಕ್ಷಿಸದೆ ಬೆಲೆಯನ್ನು ನುಡಿಯುವುದಿಲ್ಲ. ಆದರೆ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳ ದೇಹವನ್ನು ವರ್ಷಕ್ಕೊಮ್ಮೆಯಾದರೂ ಅಳೆದು ನೋಡುವ ಗೃಹಸ್ಥರು ವಿರಳ. ಮೈ ತೆಳ್ಳಗಿದ್ದರೆ ರೋಗಭಯವಿಲ್ಲವೆಂದೂ, ಹೊಟ್ಟೆ ತುಸು ಮುಂದೆ ಬಂದರೆ ಅದು ಉಂಡುಟ್ಟ ಮನೆತನದ ಲಕ್ಷಣವೆಂದೂ ಜನರಲ್ಲಿ ಭಾವನೆಯುಂಟು. ಇವೆರಡೂ ತಪ್ಪು ತಿಳಿವಳಿಕೆಗಳು.

ತೆಳ್ಳಗಿನ ಮೈಯಲ್ಲಿಯೂ ಅಪಾಯವುಂಟು

೧೯೩೪ರಿಂದ ೧೯೫೪ರವರೆಗೆ ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ಜನಿಸಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಅವರಲ್ಲಿ ೫೧೭ ಮಂದಿಯನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿ ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದ್ರೋಗವು ಹೆಚ್ಚೆಂದು ತಿಳಿದುಬಂದಿತು. ಪುಣೆಯ ಸಮೀಪದ ಹಳ್ಳಿಗಳ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದಾಗ, ನಮ್ಮ ಶಿಶುಗಳ ಸರಾಸರಿ ತೂಕವು ೨.೭ ಕಿಲೋಗ್ರಾಂ, ಅವರದು ೩.೫ ಕಿಲೋಗ್ರಾಂ ಇದ್ದಿತು. ನಮ್ಮ ಶಿಶುಗಳಲ್ಲಿ ಮಾಂಸಖಂಡಗಳು ಬಹಳ ಕಡಿಮೆ. ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ.

ಇದರ ಪರಿಣಾಮವು ಯೌವನದಲ್ಲಿ ತೋರುವುದು. ಉಂಡ ಅನ್ನದ ಸಕ್ಕರೆಯನ್ನು ಬಹುಮಟ್ಟಿಗೆ ಮಾಂಸಖಂಡಗಳೇ ಹೀರತಕ್ಕವು. ಅವು ಕಡಿಮೆಯಿದ್ದು, ಯಕೃತ್ತಿನಲ್ಲಿಯೂ ಕರುಳುಗಳ ಸುತ್ತಲೂ ಕೊಬ್ಬು ಸೇರಿದರೆ ಇನ್ಸುಲಿನ್ನಿನ ಕೆಲಸವು ಕುಂದಿ, ರಕ್ತದಲ್ಲಿ ಸಕ್ಕರೆಯೂ ಕೊಬ್ಬೂ ಏರುವುವು. ರಕ್ತದ ಒತ್ತಡವೂ ಹೆಚ್ಚುವುದು. ನೋವಿಲ್ಲದೆ ಬೆಳೆಯುವ ಈ ಕೇಡು ಮಧುಮೇಹ, ಹೃದಯಾಘಾತಗಳ ರೂಪದಿಂದ ಪ್ರಕಟವಾಗುವ ಹೊತ್ತಿಗೆ ಮನೆಯ ಭಾರವೆಲ್ಲವೂ ಆತನ ಹೆಗಲ ಮೇಲಿರುತ್ತದೆ.

ಅಳೆಯುವ ಕ್ರಮ

೧. ಕೆಳಗಿನ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಟ್ಟನಡುವೆ, ಬರಿಮೈ ಮೇಲೆ ಟೇಪನ್ನು ಸಮವಾಗಿ ಸುತ್ತಬೇಕು. ಹೊಟ್ಟೆಯನ್ನು ಒಳಗೆಳೆಯದೆ ಸಹಜವಾಗಿ ಉಸಿರು ಬಿಟ್ಟಾಗ ಅಳತೆಯನ್ನು ನೋಡಬೇಕು.

೨. ಈ ಸುತ್ತಳತೆಯು ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು. ೬೪ ಅಂಗುಲ ಎತ್ತರದ ತರುಣನ ಹೊಟ್ಟೆಯ ಸುತ್ತಳತೆ ೩೪ ಅಂಗುಲವಿದ್ದರೆ, ಕೈಕಾಲುಗಳು ಸಣ್ಣಗಿದ್ದರೂ ಆತನು ಎಚ್ಚರಿಕೆಗೆ ಅರ್ಹನು. ವಯಸ್ಕ ಗಂಡಸರಿಗೆ ೯೦, ಹೆಂಗಸರಿಗೆ ೮೦ ಸೆಂಟಿಮೀಟರು ಮೇರೆಯೆಂದು ಭಾರತೀಯರಿಗಾಗಿ ಗೊತ್ತುಮಾಡಿದ್ದಾರೆ. ಗರ್ಭಿಣಿಯರಿಗೆ ಇದು ಅನ್ವಯಿಸದು.

೩. ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿದಾಗ ೨೩ಕ್ಕೆ ಮೇಲ್ಪಟ್ಟರೆ ವಯಸ್ಕರು ಜಾಗರೂಕರಾಗಬೇಕು. ೧೮ ವರ್ಷದೊಳಗಿನವರಿಗೆ ವಯಸ್ಸಿಗೆ ತಕ್ಕ ಕೋಷ್ಟಕವನ್ನು ವೈದ್ಯರೇ ನೋಡತಕ್ಕದ್ದು.

ಹೆಣ್ಣುಮಕ್ಕಳನ್ನು ಮನೆಯ ಹೆಂಗಸರೇ ಅಳೆಯಬೇಕು. ಅಳತೆ ಹೆಚ್ಚಿದವರನ್ನು ಹಾಸ್ಯಮಾಡುವುದಾಗಲಿ ಉಪವಾಸ ಕೆಡಹುವುದಾಗಲಿ ಸರ್ವಥಾ ಕೂಡದು.

ನಾಲ್ಕು ತಾಲ್ಲೂಕುಗಳ ಒಕ್ಕಲಿಗರು ಮಾಡತಕ್ಕದ್ದು

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದಂದಿನಿಂದ ಗಂಗಾವತಿಯ ಸೀಮೆಯಲ್ಲಿ ಭತ್ತವೇ ಪ್ರಧಾನವಾಗಿದೆ. ಪಾಲಿಶ್ ಮಾಡಿದ ಅಕ್ಕಿಯನ್ನೇ ಮೂರು ಹೊತ್ತೂ ಉಂಡು, ಮೈಮುರಿದು ದುಡಿಯದಿದ್ದರೆ ಹೊಟ್ಟೆಯ ಕೊಬ್ಬು ಬೆಳೆಯುವುದು. ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಖುಷ್ಕಿ ಭೂಮಿಗಳಲ್ಲಿ ಜೋಳ, ಸಜ್ಜೆ, ಹೆಸರು, ತೊಗರಿಗಳು ಬೆಳೆಯುವುವಾದರೂ, ಅವನ್ನೆಲ್ಲ ಮಾರಿ ಅಂಗಡಿಯ ಕರಿದ ತಿನಿಸು, ಸಿಹಿ ಪಾನಕಗಳನ್ನು ತಂದರೆ ಫಲವೇನು? ಭೂಮಾಲೀಕರು ಮಾರಾಟದ ಬೆಳೆಯ ಜೊತೆಗೆ ಮನೆಯ ಊಟಕ್ಕಾಗಿ ಕಾಳುಕಡಿಗಳನ್ನೂ ಸೊಪ್ಪುಗಳನ್ನೂ ತಪ್ಪದೆ ಬೆಳೆಸಬೇಕು. ರೊಟ್ಟಿಯೊಡನೆ ಕಾಳಿನ ಪಲ್ಯ, ಪುಂಡಿಪಲ್ಯ, ಮಜ್ಜಿಗೆಗಳಿದ್ದರೆ ಮಾಂಸಖಂಡಗಳು ಬಲಿಯುವುವು. ಟ್ರ್ಯಾಕ್ಟರು, ಮೋಟಾರು ಸೈಕಲ್ಲುಗಳಿಂದ ದುಡಿಮೆ ತಗ್ಗಿದ ಮನೆಗಳ ತರುಣರು ದಿನಕ್ಕೊಂದು ತಾಸಾದರೂ ಬೆವರು ಹರಿಸಬೇಕು. ಗರ್ಭಿಣಿಯರಿಗೆ ಹೊಟ್ಟೆತುಂಬ ಪೌಷ್ಟಿಕ ಆಹಾರ ದೊರೆತರೆ ಮುಂದಿನ ಪೀಳಿಗೆಯ ಹೃದಯಕ್ಕೆ ಅದೇ ಮೊದಲ ರಕ್ಷೆ.

ಮಧುಮೇಹ, ರಕ್ತದ ಒತ್ತಡಗಳಿಗಾಗಿ ಸರ್ಕಾರವು ಊರೂರಿಗೆ ನಡೆಸುವ ತಪಾಸಣೆಯು ೩೦ ವರ್ಷ ತುಂಬಿದವರಿಂದ ಪ್ರಾರಂಭವಾಗುವುದು. ಅದಕ್ಕಿಂತ ಕಿರಿಯರನ್ನು ಗಮನಿಸುವ ಹೊಣೆಯು ಮನೆಯ ಹಿರಿಯರದೂ ಗ್ರಾಮದ ಮುಖಂಡರದೂ ಆಗಿದೆ. ಪ್ರತಿವರ್ಷ ಸುಗ್ಗಿ ಮುಗಿದೊಡನೆ ಮಕ್ಕಳ ಅಳತೆಗಳನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಲಿ. ಮೇರೆ ಮೀರಿದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಸಲಿ. ಕಳೆಯನ್ನು ಎಳೆಯದಿರುವಾಗಲೇ ಕೀಳುವುದು ಸುಲಭವೆಂಬುದು ಒಕ್ಕಲಿಗರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.