ಕುಲನಾಮಗಳ ಅಳಿವು ಉಳಿವು

ಮಳವಳ್ಳಿ ತಾಲ್ಲೂಕಿನಲ್ಲಿ, ಕಾವೇರಿಯು ಗಗನಚುಕ್ಕಿಯಾಗಿ ಧುಮುಕುವ ಕಂದರದ ಬಳಿ, ಬ್ಲಫ್ ಎಂಬ ಸ್ಥಳವಿದೆ. ಕಡಿದಾದ ಗುಡ್ಡದಂಚಿಗೆ ಇಂಗ್ಲಿಷಿನಲ್ಲಿ ಹೇಳುವ ಮಾತೇ ಇಲ್ಲಿ ಊರಿನ ಹೆಸರಾಗಿ ನಿಂತಿದೆ. ಶಿವನಸಮುದ್ರದ ವಿದ್ಯುದಾಗಾರವು ೧೯೦೨ರಲ್ಲಿ ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸತೊಡಗಿತು. ಅದರ ಕೆಲಸಕ್ಕೆಂದು ಬೇರೆ ಬೇರೆ ಕಡೆಗಳಿಂದ ಬಂದವರು ಇಲ್ಲಿ ನೆಲೆಸಿದರು. ಅಂತಹ ಒಂದು ಮನೆಯ ವಿದ್ಯಾರ್ಥಿನಿಯು ಪಾಸ್‌ಪೋರ್ಟಿನ ಅರ್ಜಿಯನ್ನು ತುಂಬಲು ಕುಳಿತಳೆಂದು ಭಾವಿಸೋಣ. ಸ್ವಂತ ಹೆಸರಿಗೆ ಒಂದು ಅಂಕಣ, ಕುಟುಂಬನಾಮಕ್ಕೆ ಮತ್ತೊಂದು. ಮೊದಲನೆಯದಕ್ಕೆ ತಡೆಯಿಲ್ಲ. ಎರಡನೆಯದರಲ್ಲಿ ಏನನ್ನು ಬರೆಯಬೇಕು? ತಂದೆಯ ಹೆಸರನ್ನೇ? ತಾತನು ಬಿಟ್ಟುಬಂದ ಊರನ್ನೇ? ಅಥವಾ ತಾನು ಹುಟ್ಟಿದ ಬ್ಲಫ್ಫನ್ನೇ?

ಇದು ಬರಿಯ ಕಚೇರಿಯ ತೊಡಕೆಂದು ತೋರಬಹುದು. ಆದರೆ ಆ ಅಂಕಣದಲ್ಲಿ ಇಂದು ಬರೆದ ಮಾತು ನಾಳೆ ಮಕ್ಕಳ, ಮೊಮ್ಮಕ್ಕಳ ಕುಲನಾಮವಾಗಬಹುದು. ಹಾಗೆ ಹುಟ್ಟಿದ ಹೆಸರು ಎಷ್ಟು ಕಾಲ ಬದುಕೀತು? ಕೆಲವು ಹೆಸರುಗಳು ಲಕ್ಷಾಂತರ ಮಂದಿಯಲ್ಲಿ ಹರಡಿರುವಾಗ ಕೆಲವು ಏಕೆ ವಿರಳವಾಗಿ ಉಳಿಯುತ್ತವೆ? ಈ ಪ್ರಶ್ನೆಗೆ ಗಣಿತದಲ್ಲಿ ಒಂದು ಅಂದವಾದ ಉತ್ತರವಿದೆ. ಅದನ್ನು ಪರ್ಯಾಲೋಚಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಹೆಸರುಗಳು

ಮಂಡ್ಯ, ಮದ್ದೂರು, ಮಳವಳ್ಳಿಗಳ ಯಾವ ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೂ ಹೆಸರಿನ ಹಿಂದೆ ಒಂದೆರಡು ಅಕ್ಷರಗಳು ಕಾಣುತ್ತವೆ. ವಾಡಿಕೆಯಂತೆ ಮೊದಲನೆಯದು ಊರಿಗೂ ಎರಡನೆಯದು ತಂದೆಗೂ ಸಲ್ಲುತ್ತದೆ. ಬಿ. ಎಂ. ಶ್ರೀಕಂಠಯ್ಯನವರ 'ಬಿ' ನಾಗಮಂಗಲ ತಾಲ್ಲೂಕಿನ ಬೆಳ್ಳೂರು. 'ಎಂ' ತಂದೆ ಮೈಲಾರಯ್ಯ. ಕೆ. ಎಸ್. ನರಸಿಂಹಸ್ವಾಮಿಯವರ 'ಕೆ' ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ. ಎಸ್. ಎಂ. ಕೃಷ್ಣ ಅವರ 'ಎಸ್' ಮದ್ದೂರು ತಾಲ್ಲೂಕಿನ ಸೋಮನಹಳ್ಳಿ. ಈ ಕ್ರಮದಲ್ಲಿ ಎರಡನೆಯ ಅಕ್ಷರವು ತಲೆಮಾರಿಗೊಮ್ಮೆ ಬದಲಾಗುತ್ತದೆ. ಮೊದಲನೆಯದು ಮಾತ್ರ ಹಲವು ತಲೆಮಾರು ನಿಲ್ಲಬಲ್ಲದು.

ಊರಲ್ಲದೆ ಬೇರೆ ಮೂಲಗಳೂ ಉಂಟು. ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರ 'ಪು' ಎಂದರೆ ಪುರೋಹಿತ. ಇದು ವೃತ್ತಿಯಿಂದ ಬಂದುದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಶಿವನಸಮುದ್ರದ ಸೇತುವೆಗಳ ಜೀರ್ಣೋದ್ಧಾರ ಮಾಡಿಸಿದ ರಾಮಸ್ವಾಮಿ ಮೊದಲಿಯಾರರು ಅಲ್ಲಿನ ಜಾಗೀರುದಾರರಾದರು. ಇಂತಹ ಬಿರುದುಗಳೂ ಅನೇಕ ಕಡೆ ಕುಲನಾಮಗಳಾಗಿವೆ. ಊರು, ವೃತ್ತಿ, ಬಿರುದು, ತಂದೆ—ಪ್ರಪಂಚದ ಬಹುಪಾಲು ಕುಲನಾಮಗಳು ಈ ನಾಲ್ಕು ಬುಗ್ಗೆಗಳಿಂದಲೇ ಹೊರಟಿವೆ.

'ಮಂಡಯಂ' ಎಂಬ ಹೆಸರು

ನಮ್ಮ ಜಿಲ್ಲೆಯಿಂದಲೇ ಹೊರಟು ದೂರ ಸಂಚರಿಸಿದ ಒಂದು ವಿರಳ ನಾಮವನ್ನು ಈಗ ನೋಡೋಣ. ವಿಜಯನಗರದ ಅರಸರ ಕಾಲದಲ್ಲಿ ಮಂಡ್ಯವು ಶ್ರೀವೈಷ್ಣವರ ಅಗ್ರಹಾರವಾಗಿದ್ದಿತು. ಅಲ್ಲಿಯೂ ಮೇಲುಕೋಟೆಯಲ್ಲಿಯೂ ನೆಲೆಸಿದ ಈ ಮನೆತನಗಳಿಗೆ 'ಮಂಡಯಂ' ಎಂಬ ಹೆಸರು ಅಂಟಿತು. ಇವರಲ್ಲಿ ಹಲವರು ಮದರಾಸಿಗೆ ಹೋಗಿ ನೆಲೆಸಿದರು. ಊರಿನಲ್ಲಿದ್ದಾಗ ಎಲ್ಲರಿಗೂ ಸಮಾನವಾದ ಊರಿನ ಹೆಸರಿನಿಂದ ಯಾರನ್ನೂ ಗುರುತಿಸಲಾಗದು. ಊರನ್ನು ಬಿಟ್ಟ ಮೇಲೆಯೇ ಅದು ಗುರುತಾಗುತ್ತದೆ. ಕುಲನಾಮಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ನಿಯಮವಿದು.

ಭಾರತದಲ್ಲಿ ಪಾಚಿಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಎಂ. ಓ. ಪಾರ್ಥಸಾರಥಿ ಅಯ್ಯಂಗಾರರು (೧೮೮೬–೧೯೬೩) ಮಂಡಯಂ ಮನೆತನದವರು. ೧೯೨೦ರಲ್ಲಿ ತಾಷ್ಕೆಂಟಿನಲ್ಲಿ ಭಾರತೀಯ ಕಮ್ಯುನಿಸ್ಟ್ ಪಕ್ಷವನ್ನು ಕಟ್ಟಿದವರಲ್ಲಿ ಒಬ್ಬರಾದ ಕ್ರಾಂತಿಕಾರಿ ಎಂ. ಪಿ. ಟಿ. ಆಚಾರ್ಯರ 'ಎಂ' ಸಹ ಮಂಡಯಂ. ಜೇನುಹುಳುಗಳು ಹಾರುವಾಗ ಕಣ್ಣಮುಂದೆ ಸರಿಯುವ ದೃಶ್ಯದ ವೇಗದಿಂದ ದೂರವನ್ನು ಅಳೆಯುವ ಬಗೆಯನ್ನು ತೋರಿಸಿಕೊಟ್ಟ, ಆಸ್ಟ್ರೇಲಿಯದಲ್ಲಿ ನೆಲೆಸಿದ ವಿಜ್ಞಾನಿ ಮಂಡಯಂ ವಿ. ಶ್ರೀನಿವಾಸನ್ ಅವರು ಅದೇ ಹೆಸರನ್ನು ಪೂರ್ಣವಾಗಿ ಬರೆಯುತ್ತಾರೆ. ಒಬ್ಬರಲ್ಲಿ ಒಂದೇ ಅಕ್ಷರವಾಗಿ ಅಡಗಿದ್ದುದು ಮತ್ತೊಬ್ಬರಲ್ಲಿ ಪೂರ್ಣ ನಾಮವಾಗಿದೆ.

ಇಂತಹ ಹೆಸರಿನವರನ್ನು ಎಣಿಸುವುದು ಏಕೆ ಕಷ್ಟವೆಂಬುದು ಇದರಿಂದ ತಿಳಿಯುತ್ತದೆ. ನಮ್ಮ ಜನಗಣತಿಯು ಕುಲನಾಮವಾರು ಕೋಷ್ಟಕಗಳನ್ನು ಪ್ರಕಟಿಸುವುದಿಲ್ಲ. ಇಂಗ್ಲಿಷಿನ 'ಎಂ' ಎಂಬ ಒಂದು ಅಕ್ಷರದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ, ಮೇಲುಕೋಟೆ, ಮೈಸೂರು ಎಲ್ಲವೂ ಅಡಗಬಲ್ಲವು. ಅಲ್ಲದೆ, ಒಂದೇ ಹೆಸರುಳ್ಳವರೆಲ್ಲರೂ ಒಬ್ಬ ಮೂಲಪುರುಷನ ಸಂತತಿಯೆಂದು ಹೇಳುವಂತಿಲ್ಲ. ಮಂಡಯಂ ಮನೆತನಗಳು ಬಹುಕಾಲ ತಮ್ಮೊಳಗೇ ವಿವಾಹ ಸಂಬಂಧ ಬೆಳೆಸಿದವು. ಸಗೋತ್ರ ವಿವಾಹವು ನಿಷಿದ್ಧವಾದುದರಿಂದ ಆ ಹೆಸರಿನೊಳಗೆ ಒಂದಕ್ಕಿಂತ ಹೆಚ್ಚು ಗೋತ್ರಗಳು ಇರಲೇಬೇಕಷ್ಟೆ. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಇಂಗ್ಲೆಂಡಿನ ಸೈಕ್ಸ್ ಎಂಬ ಕುಲನಾಮದ ಪುರುಷರಲ್ಲಿ, ತಂದೆಯಿಂದ ಮಗನಿಗೆ ಮಾತ್ರ ಬರುವ 'ವೈ' ವರ್ಣತಂತುವನ್ನು ೨೦೦೦ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪರೀಕ್ಷಿಸಲಾಯಿತು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯಲ್ಲಿ ಅದು ಒಂದೇ ಬಗೆಯದಾಗಿದ್ದು, ಆ ಹೆಸರಿಗೆ ಒಬ್ಬನೇ ಮೂಲಪುರುಷನಿದ್ದಿರಬೇಕೆಂಬ ಊಹೆಗೆ ಬಲ ಬಂದಿತು.

ಗಾಲ್ಟನ್ನರ ಪ್ರಶ್ನೆ

ಹತ್ತೊಂಬತ್ತನೆಯ ಶತಮಾನದ ಐರೋಪ್ಯ ಪಂಡಿತರನ್ನು ಒಂದು ಸಂಗತಿ ಕಾಡುತ್ತಿದ್ದಿತು. ಪ್ರಸಿದ್ಧ ಮನೆತನಗಳ ಹೆಸರುಗಳು ಒಂದೊಂದಾಗಿ ಕಣ್ಮರೆಯಾಗುತ್ತಿದ್ದವು. ಸುಖಜೀವನದಿಂದ ಸಂತಾನಶಕ್ತಿ ಕುಂದುವುದೇ ಕಾರಣವೆಂದು ಕೆಲವರು ತರ್ಕಿಸಿದರು. ಇದು ಬರಿಯ ಆಕಸ್ಮಿಕದ ಫಲವೇಕಾಗಿರಬಾರದು ಎಂದು ಫ್ರಾನ್ಸಿಸ್ ಗಾಲ್ಟನ್ ಯೋಚಿಸಿದರು. ೧೮೭೩ರಲ್ಲಿ ಅವರು ಅದನ್ನು ಒಂದು ಶೈಕ್ಷಣಿಕ ಪತ್ರಿಕೆಯಲ್ಲಿ ಲೆಕ್ಕವಾಗಿ ಮುಂದಿಟ್ಟರು. ಹೆನ್ರಿ ವಿಲಿಯಂ ವಾಟ್ಸನ್ ಎಂಬ ಪಾದ್ರಿಗಳು ಅದನ್ನು ಬಿಡಿಸಲು ಯತ್ನಿಸಿದರು. ಇಬ್ಬರ ಹೆಸರಿನಲ್ಲಿಯೂ ೧೮೭೪ರಲ್ಲಿ ಪ್ರಬಂಧವು ಹೊರಬಂದಿತು. ಫ್ರಾನ್ಸಿನ ಬಿಯೆನೆಮೆ ಎಂಬುವರು ೧೮೪೫ರಲ್ಲಿಯೇ ಇದೇ ವಿಷಯವನ್ನು ಕುರಿತು ಬರೆದಿದ್ದರೆಂಬುದು ಬಹುಕಾಲದ ಮೇಲೆ ಬೆಳಕಿಗೆ ಬಂದಿತು.

ಎರಡು ನಾಣ್ಯಗಳ ಆಟ

ಈ ಲೆಕ್ಕವನ್ನು ತರಗತಿಯಲ್ಲಿ ನಾಣ್ಯಗಳಿಂದಲೇ ಮಾಡಿ ನೋಡಬಹುದು. ೧೦೦ ಮಂದಿ ಪುರುಷರಿಗೆ ೧೦೦ ಬೇರೆ ಬೇರೆ ಕುಲನಾಮಗಳಿವೆಯೆಂದೂ, ಹೆಸರು ತಂದೆಯಿಂದ ಮಗನಿಗೆ ಹೋಗುವುದೆಂದೂ ಇಟ್ಟುಕೊಳ್ಳೋಣ. ಪ್ರತಿಯೊಬ್ಬನ ಪರವಾಗಿ ಎರಡು ನಾಣ್ಯಗಳನ್ನು ಚಿಮ್ಮಬೇಕು. ಎಷ್ಟು 'ತಲೆ' ಬಿದ್ದವೋ ಅಷ್ಟು ಗಂಡುಮಕ್ಕಳು. ಹೀಗೆ ಗಂಡುಮಕ್ಕಳೇ ಇಲ್ಲದಿರುವ ಸಂಭವ ಕಾಲುಭಾಗ, ಒಬ್ಬನಿರುವುದು ಅರ್ಧ, ಇಬ್ಬರಿರುವುದು ಕಾಲು. ಸರಾಸರಿ ಒಬ್ಬನಿಗೆ ಒಬ್ಬ ಮಗ. ಆದುದರಿಂದ ಜನಸಂಖ್ಯೆಯು ಸರಾಸರಿಯಲ್ಲಿ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಆದರೆ ಹೆಸರುಗಳ ಗತಿಯೇನು? ಲೆಕ್ಕವು ಕೊಡುವ ಉತ್ತರವಿದು. ಒಂದು ತಲೆಮಾರಿನ ಮೇಲೆ ಉಳಿಯುವ ಹೆಸರುಗಳು ೭೫. ಎರಡರ ಮೇಲೆ ೬೧. ಮೂರರ ಮೇಲೆ ೫೨. ನಾಲ್ಕರ ಮೇಲೆ ೪೫. ಐದರ ಮೇಲೆ ೪೦. ಹತ್ತರ ಮೇಲೆ ೨೬. ಸರಾಸರಿಯಂತೆ ಜನರು ಈಗಲೂ ೧೦೦ ಮಂದಿಯೇ. ಆದರೆ ಅವರೆಲ್ಲರೂ ೨೬ ಹೆಸರುಗಳಲ್ಲಿ ಹಂಚಿಹೋಗಿದ್ದಾರೆ. ಉಳಿದ ಹೆಸರೊಂದಕ್ಕೆ ಸುಮಾರು ನಾಲ್ವರಂತೆ ಆಯಿತು. ಆಟವನ್ನು ಮುಂದುವರಿಸುತ್ತ ಹೋದರೆ ಒಂದೊಂದು ಹೆಸರೂ ಎಂದಾದರೊಂದು ದಿನ ನಂದಲೇಬೇಕೆಂದು ಗಣಿತವು ಹೇಳುತ್ತದೆ.

ಇಲ್ಲಿ ಯಾವ ಕುಲವೂ ಮತ್ತೊಂದಕ್ಕಿಂತ ಮೇಲಲ್ಲ, ಕೀಳಲ್ಲ. ಎಲ್ಲರ ಕೈಯಲ್ಲಿಯೂ ಒಂದೇ ಬಗೆಯ ನಾಣ್ಯಗಳಿದ್ದವು. ಆದರೂ ಕೆಲವು ಹೆಸರುಗಳು ಹರಡಿದವು, ಕೆಲವು ವಿರಳವಾದವು, ಹೆಚ್ಚಿನವು ಅಳಿದವು. ಆದುದರಿಂದ ಒಂದು ನಾಮವು ವಿರಳವಾಗಿದೆಯೆಂಬ ಮಾತ್ರದಿಂದ ಅದು ಪ್ರಾಚೀನವೆಂದಾಗಲಿ ಶ್ರೇಷ್ಠವೆಂದಾಗಲಿ ನಿರ್ಣಯಿಸಲಾಗದು.

ಮೂರನೆಯ ನಾಣ್ಯ

ಜನಸಂಖ್ಯೆ ಬೆಳೆಯುತ್ತಿದ್ದರೆ ಏನಾಗುತ್ತದೆ? ಒಬ್ಬೊಬ್ಬನಿಗೆ ಮೂರು ನಾಣ್ಯಗಳನ್ನು ಕೊಡೋಣ. ಆಗ ಗಂಡುಮಕ್ಕಳ ಸರಾಸರಿ ಒಂದೂವರೆ. ಒಬ್ಬನ ವಂಶನಾಮವು ಎಂದಾದರೂ ಅಳಿಯುವ ಸಂಭವವನ್ನು 'ಕ್ಷ' ಎನ್ನೋಣ. ಒಂದು ನಾಣ್ಯದಲ್ಲಿ ತಲೆ ಬೀಳದಿದ್ದರೆ ಆ ಕವಲೇ ಇಲ್ಲ. ಇದರ ಸಂಭವ ಅರ್ಧ. ತಲೆ ಬಿದ್ದರೆ ಮಗನಿದ್ದಾನೆ. ಅವನ ಕವಲು ಅಳಿಯುವ ಸಂಭವ ಮತ್ತೆ 'ಕ್ಷ'ವೇ. ಹೀಗೆ ಒಂದು ನಾಣ್ಯದ ಪಾಲು (೧ + ಕ್ಷ) ÷ ೨. ಮೂರು ನಾಣ್ಯಗಳ ಕವಲುಗಳೂ ಅಳಿಯಬೇಕಾದರೆ ಇದರ ಘನವೇ 'ಕ್ಷ'ಕ್ಕೆ ಸಮನಾಗಬೇಕು. ಈ ಸಮೀಕರಣವನ್ನು ಬಿಡಿಸಿದರೆ ೧ ಎಂಬ ಬೆಲೆಯೊಂದಿಗೆ, ಐದರ ವರ್ಗಮೂಲದಿಂದ ಎರಡನ್ನು ಕಳೆದ ಬೆಲೆಯೂ, ಎಂದರೆ ಸುಮಾರು ೦.೨೩೬ ಸಹ, ದೊರೆಯುತ್ತದೆ. ಸರಿಯಾದ ಉತ್ತರ ಚಿಕ್ಕದು. ಎಂದರೆ, ಜನರು ತಲೆಮಾರಿಗೊಮ್ಮೆ ಒಂದೂವರೆ ಪಟ್ಟಾಗುತ್ತಿದ್ದರೂ ನೂರರಲ್ಲಿ ಸುಮಾರು ೨೪ ಹೆಸರುಗಳು ಅಳಿಯುತ್ತವೆ; ಮಿಕ್ಕವು ಸ್ಥಿರವಾಗಿ ಬೇರೂರುತ್ತವೆ. ವಾಟ್ಸನ್ನರು ೧ ಎಂಬ ಬೆಲೆಯನ್ನು ಮಾತ್ರ ಕಂಡು, ಎಲ್ಲ ಹೆಸರುಗಳೂ ಅಳಿಯುವುವೆಂದು ತಪ್ಪಾಗಿ ತೀರ್ಮಾನಿಸಿದ್ದರು. ಸಮೀಕರಣಕ್ಕೆ ಒಂದು ಉತ್ತರ ಸಿಕ್ಕೊಡನೆ ಲೇಖನಿಯನ್ನು ಕೆಳಗಿಡುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು.

ಭೌತಶಾಸ್ತ್ರವನ್ನು ಓದಿದವರಿಗೆ ಈ ಲೆಕ್ಕವು ಪರಿಚಿತವೆಂದು ತೋರಿದರೆ ಆಶ್ಚರ್ಯವಿಲ್ಲ. ಯುರೇನಿಯಮ್ಮಿನ ಒಂದು ಬೀಜಾಣು ಒಡೆದಾಗ ಹೊರಬರುವ ನ್ಯೂಟ್ರಾನುಗಳನ್ನು ಗಂಡುಮಕ್ಕಳೆಂದು ತಿಳಿದರೆ, ಸರಪಣಿ ಕ್ರಿಯೆಯೇ ಒಂದು ವಂಶವೃಕ್ಷವಾಗುತ್ತದೆ. ಸರಾಸರಿ ಒಂದಕ್ಕಿಂತ ಕಡಮೆಯಾದರೆ ಸರಪಣಿ ನಂದುತ್ತದೆ, ಹೆಚ್ಚಾದರೆ ಬೆಳೆಯಬಲ್ಲದು. ಕೈಗಾದ ಪರಮಾಣು ವಿದ್ಯುದಾಗಾರದಲ್ಲಿ ಈ ಸರಾಸರಿಯನ್ನು ಸರಿಯಾಗಿ ಒಂದರಲ್ಲಿ ಹಿಡಿದಿಡಲಾಗುತ್ತದೆ. ಅಲ್ಲಿ ಏಕಕಾಲಕ್ಕೆ ಅಸಂಖ್ಯಾತ ವಂಶಗಳಿರುವುದರಿಂದ, ಅಳಿಯುವ ಸರಪಣಿಗಳ ನಷ್ಟವನ್ನು ಬೆಳೆಯುವ ಸರಪಣಿಗಳು ತುಂಬಿಕೊಡುತ್ತವೆ.

ಹಳೆಯ ಹೆಸರುಗಳು, ಹೊಸ ಹೆಸರುಗಳು

ಈ ನಿಯಮದಂತೆ, ಕುಲನಾಮದ ಪದ್ಧತಿ ಹಳೆಯದಾದಷ್ಟೂ ಹೆಸರುಗಳ ಸಂಖ್ಯೆ ಕಡಮೆಯಿರಬೇಕು. ಚೀನದಲ್ಲಿ ಈ ಪದ್ಧತಿಗೆ ಎರಡು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ; ಅಲ್ಲಿ ನೂರು ಹೆಸರುಗಳೇ ಜನರಲ್ಲಿ ಶೇಕಡ ೮೫ರಷ್ಟನ್ನು ಆವರಿಸಿವೆ. ಜಪಾನಿನಲ್ಲಿ ಎಲ್ಲರೂ ಕುಲನಾಮ ಇಟ್ಟುಕೊಳ್ಳಬೇಕೆಂದು ೧೮೭೫ರಲ್ಲಿ ಕಡ್ಡಾಯವಾಯಿತು. ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ತುರ್ಕಿಯಲ್ಲಿ ಇಂತಹ ಶಾಸನ ಬಂದುದು ೧೯೩೪ರಲ್ಲಿ. ಅರಸರ ಅಪ್ಪಣೆ, ದೊಡ್ಡ ಮನೆತನದ ಹೆಸರನ್ನು ತಾವೂ ಇಟ್ಟುಕೊಳ್ಳುವ ಆಸೆ ಮುಂತಾದ ಇತರ ಕಾರಣಗಳೂ ಹೆಸರುಗಳನ್ನು ಕಡಮೆ ಮಾಡುವುದುಂಟು.

ನಾಣ್ಯದ ಲೆಕ್ಕಕ್ಕೆ ಇನ್ನೊಂದು ಮಿತಿಯಿದೆ. ಒಬ್ಬನ ಅದೃಷ್ಟಕ್ಕೂ ಮತ್ತೊಬ್ಬನ ಅದೃಷ್ಟಕ್ಕೂ ಸಂಬಂಧವಿಲ್ಲವೆಂದು ಅದು ಭಾವಿಸುತ್ತದೆ. ಆದರೆ ೧೮೯೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಪ್ಲೇಗು, ೧೯೧೮ರ ಇನ್‌ಫ್ಲುಯೆಂಜ, ಒಂದು ಮನೆಯ ಎಲ್ಲರನ್ನೂ ಒಮ್ಮೆಗೇ ಒಯ್ದುದುಂಟು. ಮಂಡಯಂ ಮನೆತನಗಳಲ್ಲಿ ಅನೇಕರು ನರಕಚತುರ್ದಶಿಯನ್ನು ಆಚರಿಸುವುದಿಲ್ಲ. ಟಿಪ್ಪುಸುಲ್ತಾನನ ಕಾಲದಲ್ಲಿ ಆ ದಿನ ತಮ್ಮ ಪೂರ್ವಿಕರ ಕೊಲೆಯಾಯಿತೆಂಬ ಸ್ಮರಣೆ ಅವರಲ್ಲಿ ನಡೆದುಬಂದಿದೆ. ಚಿಕ್ಕ ಸಮುದಾಯದ ಹೆಸರಿಗೆ ಇಂತಹ ಆಘಾತಗಳು ನಾಣ್ಯದ ಚಿಮ್ಮಿಗಿಂತ ಭಯಂಕರ.

ಶಾಪವೂ ಲೆಕ್ಕವೂ

ಮಳವಳ್ಳಿಗೆ ಸಮೀಪದ ತಲಕಾಡಿನಲ್ಲಿ ಅಲಮೇಲಮ್ಮನ ಶಾಪದ ಕಥೆಯನ್ನು ಕೇಳದವರಿಲ್ಲ. ತಲಕಾಡು ಮರಳಿನಲ್ಲಿ ಹೂಳಲೆಂದೂ, ಮಾಲಂಗಿ ಮಡುವಾಗಲೆಂದೂ, ಮೈಸೂರಿನ ದೊರೆಗಳಿಗೆ ಮಕ್ಕಳಾಗದಿರಲೆಂದೂ ಆಕೆ ಶಪಿಸಿದಳಂತೆ. ಕಥೆಯ ಸೊಬಗು ಕಥೆಗಿರಲಿ. ಎರಡು ನಾಣ್ಯಗಳ ಆಟದಲ್ಲಿ, ತಂದೆಯಿಂದ ಹಿರಿಯ ಮಗನಿಗೆ ಎಂಬ ಒಂದೇ ಎಳೆಯು ಹತ್ತು ತಲೆಮಾರು ಎಲ್ಲಿಯೂ ಕಡಿಯದೆ ಬರುವ ಸಂಭವವು ನೂರರಲ್ಲಿ ಆರಕ್ಕಿಂತ ಕಡಮೆ. ನೇರ ಸಂತತಿ ತಪ್ಪುವುದಕ್ಕೆ ಶಾಪ ಬೇಕಿಲ್ಲ, ತಪ್ಪದಿರುವುದೇ ಅಪೂರ್ವ.

ಇದು ಅರಮನೆಗಳಿಗೆ ಮಾತ್ರ ಸಲ್ಲುವ ಮಾತಲ್ಲ. ಗಂಡು ಸಂತಾನವಿಲ್ಲವೆಂದು ಸೊಸೆಯನ್ನು ನಿಂದಿಸುವ, ಕುಲ ನಂದಿತೆಂದು ಕೊರಗುವ ಮನೆಗಳು ನಮ್ಮ ನಡುವೆ ಇನ್ನೂ ಇವೆ. ಹೆಣ್ಣುಮಕ್ಕಳಿದ್ದಲ್ಲಿ ಕುಲ ನಂದಲಿಲ್ಲ. ನಂದಿದುದು ಒಂದು ಮಾತು ಮಾತ್ರ. ನಮ್ಮಲ್ಲಿ ಒಬ್ಬೊಬ್ಬರಿಗೂ ಹತ್ತು ತಲೆಮಾರಿನ ಹಿಂದೆ ಪೂರ್ವಿಕರ ೧೦೨೪ ಸ್ಥಾನಗಳಿವೆ. ಕುಲನಾಮವು ಅವುಗಳಲ್ಲಿ ಒಂದೇ ಒಂದನ್ನು ಹಿಡಿದು ಬರುತ್ತದೆ; ಮಿಕ್ಕ ೧೦೨೩ ಸ್ಥಾನಗಳ ಹೆಸರನ್ನು ಅದು ಹೇಳುವುದಿಲ್ಲ. ಆದರೂ ಅವರೆಲ್ಲರೂ ನಮ್ಮವರೇ.

ಬ್ಲಫ್ಫಿನ ವಿದ್ಯಾರ್ಥಿನಿಯ ಕಡೆಗೆ ಈಗ ಹಿಂದಿರುಗೋಣ. ನಮ್ಮ ಸೀಮೆಯ ಸಾವಿರಾರು ಮನೆಗಳು ಇಂದು ಸೊನ್ನೆಯ ತಲೆಮಾರಿನಲ್ಲಿ ನಿಂತಿವೆ. ಅವುಗಳಲ್ಲಿ ಕುಲನಾಮಗಳು ಈಗ ತಾನೆ ಹುಟ್ಟುತ್ತಿವೆ. ಆಕೆ ಊರನ್ನು ಬರೆಯಲಿ, ತಂದೆಯ ಹೆಸರನ್ನು ಬರೆಯಲಿ, ತಾಯಿಯದನ್ನೇ ಬರೆಯಲಿ. ಎಲ್ಲ ದಾಖಲೆಗಳಲ್ಲಿಯೂ ಒಂದೇ ರೀತಿಯಾಗಿ ಬರೆದರೆ ಸಾಕು. ಅದರ ಆಯುಸ್ಸನ್ನು ನಾಣ್ಯಗಳು ನಿರ್ಣಯಿಸುತ್ತವೆ. ಆದರೆ ಅರ್ಜಿಯನ್ನು ಕಳುಹಿಸಿದ ಸಂಜೆ ಆಕೆ ಮನೆಯ ಹಿರಿಯರ ಬಳಿ ಕುಳಿತು, ತಂದೆಯ ಕಡೆಯವರನ್ನೂ ತಾಯಿಯ ಕಡೆಯವರನ್ನೂ, ಅಜ್ಜಿಯರ ತವರೂರುಗಳನ್ನೂ ಕೇಳಿ ಒಂದು ಹಾಳೆಯಲ್ಲಿ ಬರೆದಿಡಲಿ. ಅಂಕಣದಲ್ಲಿ ಹಿಡಿಸದ ಹೆಸರುಗಳು ಆ ಹಾಳೆಯಲ್ಲಿ ಉಳಿಯುತ್ತವೆ.