ಕಡಿಮೆ ಕಾಸಿನಲ್ಲಿ ಬ್ಯಾಂಕಾಕ್

ಬ್ಯಾಂಕಾಕ್‌ನಲ್ಲಿ ಮಲಗುವುದು ಅಗ್ಗ, ಹೊಟ್ಟೆ ತುಂಬಿಸಿಕೊಳ್ಳುವುದು ಇನ್ನೂ ಅಗ್ಗ. ಕಾಸು ಸೋರುವುದು ಓಡಾಟದಲ್ಲಿ. ಹಾಸಿಗೆಗೆ ನೂರು ಬಾತ್ ಉಳಿಯಿತೆಂದು ಊರಾಚೆ ಹಾಸ್ಟೆಲ್ ಹಿಡಿದವರು ಅದರ ಮೂರರಷ್ಟನ್ನು ದಿನಾ ಟ್ಯಾಕ್ಸಿಗೆ ಸುರಿಯುತ್ತಾರೆ, ಜೊತೆಗೆ ಗಂಟೆಗಟ್ಟಲೆ ಟ್ರಾಫಿಕ್‌ನಲ್ಲಿ ಕೂರುತ್ತಾರೆ. ಬೆಂಗಳೂರಿನವರು ಅದನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಆದ್ದರಿಂದ ಹಾಸ್ಟೆಲ್ ಹುಡುಕುವ ಮೊದಲು ನಕ್ಷೆಯಲ್ಲಿ ಮೂರು ಗೆರೆ ಗುರುತು ಮಾಡಿಕೊಳ್ಳಿ: ಚಾವೊ ಫ್ರಾಯ ನದಿ, ಸೆನ್ ಸೇಪ್ ಕಾಲುವೆ, ಎಂಆರ್‌ಟಿ ಮೆಟ್ರೊದ ನೀಲಿ ಮಾರ್ಗ. ಇವುಗಳಲ್ಲಿ ಒಂದಕ್ಕಾದರೂ ಹತ್ತು ನಿಮಿಷದಲ್ಲಿ ನಡೆದು ಹೋಗುವಂತಿದ್ದರೆ ಹಾಸಿಗೆಗೆ ನೂರು ಬಾತ್ ಹೆಚ್ಚು ಕೊಟ್ಟರೂ ಲಾಭವೇ.

ಹೊರಡುವ ಮುಂಚಿನ ಕೆಲಸ ಹೆಚ್ಚಿಲ್ಲ. ಬೆಂಗಳೂರಿನಿಂದ ನೇರ ವಿಮಾನವಿದೆ, ಸುಮಾರು ನಾಲ್ಕು ಗಂಟೆಯ ಹಾದಿ. 2024ರ ಜುಲೈನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಅವಕಾಶ ಕೊಟ್ಟಿತು. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ, ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲು ರಾಯಭಾರ ಕಚೇರಿಯ ಜಾಲತಾಣ ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ಇಳಿಯುವುದಕ್ಕೆ ಮೂರು ದಿನ ಇರುವಾಗಿನಿಂದ ಅದನ್ನು ತುಂಬಬಹುದು. ಸರ್ಕಾರದ ಜಾಲತಾಣದಲ್ಲಿ ಅದು ಉಚಿತ. ದುಡ್ಡು ಕೇಳಿದರೆ ನೀವು ಬೇರೆ ಯಾರದೋ ಅಂಗಡಿಗೆ ಹೋಗಿದ್ದೀರಿ ಎಂದರ್ಥ. ವಾಪಸ್ ಟಿಕೆಟ್, ಹಾಸ್ಟೆಲ್ ಬುಕಿಂಗ್ ಕೈಗೆ ಸಿಗುವಂತಿರಲಿ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್‌ನ ಬಿಸಿಲು ನಮ್ಮ ರಾಯಚೂರಿನವರನ್ನೂ ಸುಸ್ತು ಮಾಡೀತು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು.

ಒಂದು ಬಾತ್‌ಗೆ ಎರಡೂವರೆ ರೂಪಾಯಿಗಿಂತ ಹೆಚ್ಚು ಎಂದು ಲೆಕ್ಕ ಇಟ್ಟುಕೊಳ್ಳಿ. ಅಲ್ಲಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲವೂ 220 ಬಾತ್ ಅಥವಾ ಅದಕ್ಕೂ ಹೆಚ್ಚು ಶುಲ್ಕ ಹಿಡಿಯುತ್ತವೆ. ಹಾಗಾಗಿ ಚೂರುಚೂರು ತೆಗೆಯುವವರಿಗೇ ನಷ್ಟ. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತೆಗೆದುಕೊಳ್ಳುವಲ್ಲಿನ ಕೌಂಟರುಗಳನ್ನು ದಾಟಿ ನೆಲಮಾಳಿಗೆಗೆ ಇಳಿಯಿರಿ. ರೈಲು ಹತ್ತುವ ಜಾಗದ ಬಳಿಯ ಹಣ ಬದಲಾವಣೆ ಮಳಿಗೆಗಳಲ್ಲಿ ದರ ಎಷ್ಟೋ ಮೇಲು. ರೂಪಾಯಿಗಿಂತ ಡಾಲರ್ ಒಯ್ಯುವುದು ವಾಸಿ. ಸುವರ್ಣಭೂಮಿಯಿಂದ ಊರೊಳಗಿನ ಫಯಾ ಥಾಯ್ ನಿಲ್ದಾಣಕ್ಕೆ ಏರ್‌ಪೋರ್ಟ್ ರೈಲು 45 ಬಾತ್, ಅರ್ಧ ಗಂಟೆ. ಅಗ್ಗದ ವಿಮಾನಗಳು ಹಲವು ಇಳಿಯುವ ಡಾನ್ ಮುವಾಂಗ್‌ನಿಂದ ಹಳೇ ಊರಿಗೆ ಎ4 ಬಸ್ಸಿದೆ, 50 ಬಾತ್.

ಇನ್ನು ಎಲ್ಲಿ ತಂಗುವುದು? ಬೆನ್ನಿಗೆ ಚೀಲ ಹಾಕಿ ತಿರುಗುವವರೆಲ್ಲ ಮೊದಲು ಹೇಳುವ ಹೆಸರು ಖಾವೊ ಸಾನ್ ರಸ್ತೆ. 1980ರ ದಶಕದಿಂದ ಅದು ಅವರದೇ ಬೀದಿ. ಒಂದು ಸಂಜೆ ಹೋಗಿ ನೋಡಿ ಬನ್ನಿ, ಮಲಗಲು ಬೇಡ. ನಡುರಾತ್ರಿ ದಾಟಿದರೂ ಹಾಡಿನ ಗದ್ದಲ ನಿಲ್ಲುವುದಿಲ್ಲ, ಹತ್ತಿರದಲ್ಲಿ ಮೆಟ್ರೊ ಇಲ್ಲ. ಅದೇ ಕಡೆ ಇರಬೇಕೆಂದರೆ ಸ್ವಲ್ಪ ಉತ್ತರಕ್ಕೆ, ಸಾಮ್‌ಸೆನ್ ರಸ್ತೆಯ ಗಲ್ಲಿಗಳಲ್ಲಿ ಹುಡುಕಿ. ಫ್ರಾ ಆಥಿತ್ ದೋಣಿಕಟ್ಟೆಗೆ ನಡೆದೇ ಹೋಗಬಹುದು. ನನ್ನ ಓಟು ಯಾವೊರಾತ್‌ಗೆ, ಅಂದರೆ ಚೀನೀ ಪೇಟೆಗೆ. 2019ರಲ್ಲಿ ನೀಲಿ ಮಾರ್ಗ ಅಲ್ಲಿಗೂ ಬಂತು. ವಾಟ್ ಮಂಗ್‌ಕೋನ್ ಮತ್ತು ಹುವಾ ಲಂಫೋಂಗ್ ನಿಲ್ದಾಣಗಳ ನಡುವೆ ಹಳೆಯ ಅಂಗಡಿಮನೆಗಳನ್ನೇ ಹಾಸ್ಟೆಲ್ ಮಾಡಿದ್ದಾರೆ. ಡಾರ್ಮಿಟರಿಯಲ್ಲಿ ಹಾಸಿಗೆಗೆ 300ರಿಂದ 500 ಬಾತ್. ರಾತ್ರಿ ಊಟಕ್ಕೆ ಬಾಗಿಲು ದಾಟಿದರೆ ಸಾಕು.

ನದಿ ಈ ಊರಿನ ಅತಿ ಅಗ್ಗದ ಸವಾರಿ. ಸಾಥೋನ್ ಕಟ್ಟೆಯಲ್ಲಿ ನಿಮ್ಮ ಮುಖ ನೋಡಿದ ಕೂಡಲೇ ನೀಲಿ ಬಾವುಟದ ಪ್ರವಾಸಿ ದೋಣಿಯ ಕಡೆ ಕೈ ತೋರಿಸುತ್ತಾರೆ. ನೀವು ಕಿತ್ತಳೆ ಬಾವುಟದ ದೋಣಿಗೆ ನಿಲ್ಲಿ. ಊರಿನವರು ಕೆಲಸಕ್ಕೆ ಹೋಗಿಬರುವುದು ಅದರಲ್ಲೇ, ಎಲ್ಲಿ ಹತ್ತಿ ಎಲ್ಲಿ ಇಳಿದರೂ 16 ಬಾತ್. ಆ ದೋಣಿ ಕಟ್ಟೆಯಲ್ಲಿ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಚೀಲ ಬಿಗಿಯಾಗಿ ಕಟ್ಟಿಕೊಂಡು ಅಂಚಿನಲ್ಲೇ ಸಿದ್ಧರಿರಿ. ಸೆನ್ ಸೇಪ್ ಕಾಲುವೆಯದು ಇನ್ನೊಂದು ಬಗೆಯ ಮೋಜು. ಪಾನ್‌ಫಾ ಕಟ್ಟೆಯಿಂದ ಹೊರಟ ಉದ್ದನೆಯ ದೋಣಿ ಮನೆಗಳ ಹಿತ್ತಿಲುಗಳ ನಡುವೆ ಭರ್ರನೆ ನುಗ್ಗುತ್ತದೆ. ಹೆಲ್ಮೆಟ್ ಹಾಕಿದ ಕಂಡಕ್ಟರು ಹೊರಗಿನ ಅಂಚಿನ ಮೇಲೆ ನಡೆಯುತ್ತ ಕಾಸು ಕೇಳುತ್ತಾನೆ. ಎದುರಿನ ದೋಣಿ ಬಂದಾಗ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸಬೇಕು. ಬಾಯಿ ಮುಚ್ಚಿಕೊಂಡಿರಿ, ನೀರು ಶುದ್ಧವಲ್ಲ. ಹುವಾ ಚಾಂಗ್ ಕಟ್ಟೆಯಲ್ಲಿ ಇಳಿದರೆ ನಾಲ್ಕು ಹೆಜ್ಜೆಗೆ ಕಲೆ ಮತ್ತು ಸಂಸ್ಕೃತಿ ಕೇಂದ್ರ: ಪ್ರವೇಶ ಉಚಿತ, ಒಳಗೆ ಎ.ಸಿ. ಮಧ್ಯಾಹ್ನ ಕಳೆಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ದೊಡ್ಡ ಟಿಕೆಟ್‌ಗಳು ಮೂರು. ಅರಮನೆ 500 ಬಾತ್, ವಾಟ್ ಪೋ 300, ವಾಟ್ ಅರುಣ್ 200. ಒಂದೇ ನೋಡುವುದಾದರೆ ಜಗತ್ತೆಲ್ಲ ವಾಟ್ ಪೋ ಅನ್ನುತ್ತದೆ. ಅಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನಿದ್ದಾನೆ. ನಾನು ಮಾತ್ರ ಅರಮನೆಯೆನ್ನುತ್ತೇನೆ. ಅದರೊಳಗಿನ ಪಚ್ಚೆ ಬುದ್ಧನ ಗುಡಿಯ ಸುತ್ತಿನ ಮೊಗಸಾಲೆಯಲ್ಲಿ ಥಾಯ್ ರಾಮಾಯಣ ‘ರಾಮಕಿಯೆನ್’ 178 ಭಿತ್ತಿಚಿತ್ರಗಳಲ್ಲಿ ಹರಡಿಕೊಂಡಿದೆ. ಗೈಡ್ ಬೇಡ, ಕಥೆ ನಿಮಗೆ ಗೊತ್ತು. ಗೊತ್ತಿಲ್ಲದ್ದೂ ಇದೆ: ಅಲ್ಲಿನ ಬಿಳಿ ಹನುಮ ಬ್ರಹ್ಮಚಾರಿಯಲ್ಲ, ಸೇತುವೆ ಕೆಡವಲು ಬಂದ ಮತ್ಸ್ಯಕನ್ಯೆಯನ್ನೇ ಒಲಿಸಿಕೊಳ್ಳುವ ಭೂಪ. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುವಾಗಲೇ ಹೋಗಿ. ಭುಜ, ಮಂಡಿ ಮುಚ್ಚಿರಬೇಕು. ದಾರಿಯಲ್ಲಿ ನೀಟಾಗಿ ಡ್ರೆಸ್ ಮಾಡಿದ ಒಬ್ಬ ಸಿಕ್ಕು ‘ಇವತ್ತು ಅರಮನೆ ಮುಚ್ಚಿದೆ, 20 ಬಾತ್‌ಗೆ ಟುಕ್‌ಟುಕ್‌ನಲ್ಲಿ ಬೇರೆ ಗುಡಿ ತೋರಿಸುತ್ತೇವೆ’ ಅನ್ನುತ್ತಾನೆ. ಆ ಗಾಡಿ ಕೊನೆಗೆ ನಿಲ್ಲುವುದು ಹರಳಿನ ಅಂಗಡಿಯ ಮುಂದೆ. ಮಾತಾಡದೆ ಮುಂದೆ ನಡೆಯಿರಿ. ವಾಟ್ ಅರುಣ್‌ಗೆ ಟಿಕೆಟ್ ಬೇಡವೆನಿಸಿದರೆ ಈಚೆ ದಡದ ಥಾ ತಿಯೆನ್ ಬಳಿಯಿಂದ ಸಂಜೆ ನೋಡಿ, ಅದೇ ಹೆಚ್ಚು ಚೆಂದ.

ಕಾಸಿಲ್ಲದೆ ನೋಡುವುದೂ ಬೇಕಷ್ಟಿದೆ. ಲುಂಫಿನಿ ಪಾರ್ಕಿನ ಕೆರೆಯಲ್ಲಿ ಆಳುದ್ದದ ಉಡಗಳು, ಪಾಕ್ ಖ್ಲೋಂಗ್‌ನ ಹೂವಿನ ಮಾರುಕಟ್ಟೆ (ನಡುರಾತ್ರಿ ಹೋಗಿ), 1956ರ ಎರವಾನ್ ಬ್ರಹ್ಮನ ಗುಡಿ, ಸೀಲೋಮ್‌ನಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ದೇವಸ್ಥಾನ.

ಸಸ್ಯಾಹಾರಿಗಳಿಗೆ ಒಂದು ಮಾತು ವಿವರವಾಗಿ ಹೇಳಬೇಕು. ಬರೀ ತರಕಾರಿಯೆಂದು ಕಾಣುವ ತಟ್ಟೆಯಲ್ಲೂ ಮೀನಿನ ಸಾಸ್ ಇರುತ್ತದೆ, ಕರಿಗಳಲ್ಲಿ ಸೀಗಡಿಯ ಪೇಸ್ಟ್ ಇರುತ್ತದೆ, ಸೊಪ್ಪಿನ ಪಲ್ಯಕ್ಕೆ ಆಯಿಸ್ಟರ್ ಸಾಸ್ ಬೀಳುತ್ತದೆ. ‘ಮಾಂಸ ಬೇಡ’ ಅಂದರೆ ಅವರು ಮಾಂಸವನ್ನಷ್ಟೇ ಬಿಡುತ್ತಾರೆ. ಹೇಳಬೇಕಾದ್ದು ‘ಕಿನ್ ಜೇ’. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿ ಕಂಡರೆ ಕಣ್ಣು ಮುಚ್ಚಿ ಒಳಗೆ ಹೋಗಿ. ಅಲ್ಲಿ ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಮ್ಮ ಮಡಿವಂತರೂ ಆಕ್ಷೇಪಿಸಲಾರರು. ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಬರುವ ಸಸ್ಯಾಹಾರದ ಹಬ್ಬದಲ್ಲಿ ಯಾವೊರಾತ್ ಬೀದಿಯೇ ಹಳದಿಯಾಗುತ್ತದೆ. ಫೋನಿನಲ್ಲಿ ಥಾಯ್ ಅಕ್ಷರದಲ್ಲಿ ಆ ಪದವನ್ನು ಉಳಿಸಿಕೊಂಡು ತೋರಿಸಿ, ಉಚ್ಚಾರಣೆಯ ತಂಟೆ ಇರುವುದಿಲ್ಲ. ಎಲ್ಲ ತಿನ್ನುವವರಿಗೆ ಚಿಂತೆಯೇ ಇಲ್ಲ: ತಳ್ಳುಗಾಡಿಯ ಮುಂದಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರೆ 50–70 ಬಾತ್‌ಗೆ ಹೊಟ್ಟೆ ತುಂಬುತ್ತದೆ. ಅಸೋಕ್‌ನ ಟರ್ಮಿನಲ್ 21 ಮಾಲ್‌ನ ಫುಡ್‌ಕೋರ್ಟ್ ಕೂಡ ಬೀದಿಯಷ್ಟೇ ಅಗ್ಗ. ಮನೆಯ ಅನ್ನ ನೆನಪಾದರೆ ಪಾಹುರಾತ್‌ನ ಗುರುದ್ವಾರದಲ್ಲಿ ದಾಲ್, ರೊಟ್ಟಿಯ ಲಂಗರ್ (ಉಚಿತ ಊಟ) ಇದೆ. ನಲ್ಲಿ ನೀರು ಕುಡಿಯಬೇಡಿ.

ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ನಿಲ್ದಾಣಗಳಲ್ಲಿ, ಪಾರ್ಕುಗಳಲ್ಲಿ ರಾಷ್ಟ್ರಗೀತೆ ಕೇಳಿಸಿದಾಗ ಎಲ್ಲರಂತೆ ನಿಂತುಬಿಡಿ. ರಾಜಮನೆತನದ ಬಗ್ಗೆ ತಮಾಷೆ ಬೇಡವೇ ಬೇಡ, ಅದು ಜೈಲಿನ ವಿಷಯ. ಇ-ಸಿಗರೇಟ್ ಅಲ್ಲಿ ನಿಷಿದ್ಧ.

ಒಂದು ದಿನ ಮಿಕ್ಕಿದರೆ ಹಳೆಯ ರಾಜಧಾನಿ ಅಯುತ್ಥಯಕ್ಕೆ ಹೋಗಿ. ದೂರದ ರೈಲುಗಳು ಬಹುಪಾಲು 2023ರ ಜನವರಿಯಿಂದ ಕ್ರುಂಗ್ ಥೇಪ್ ಅಫಿವಾಟ್ ಎಂಬ ಹೊಸ ನಿಲ್ದಾಣಕ್ಕೆ ಹೋದವು. ಸಾಮಾನ್ಯ ಗಾಡಿಗಳು ಈಗಲೂ ಹುವಾ ಲಂಫೋಂಗ್‌ನಿಂದಲೇ ಹೊರಡುತ್ತವೆ. ಮೂರನೇ ದರ್ಜೆಗೆ 20 ಬಾತ್ ಆಸುಪಾಸು, ಫ್ಯಾನು, ತೆರೆದ ಕಿಟಕಿ, ಎರಡು ಗಂಟೆ. ಇಳಿದು ಸಣ್ಣ ದೋಣಿಯಲ್ಲಿ ನದಿ ದಾಟಿ ಬಾಡಿಗೆ ಸೈಕಲ್ ತೆಗೆದುಕೊಳ್ಳಿ, ಹನ್ನೊಂದರೊಳಗೆ ದೊಡ್ಡ ಗುಡಿಗಳನ್ನು ಮುಗಿಸಿ. ಹಿಂದಿರುಗುವ ಗಾಡಿ ತಡವಾಗುವುದು ಮಾಮೂಲು; ಅದೇ ರಾತ್ರಿ ಊರಿಗೆ ವಿಮಾನವಿದ್ದರೆ ಈ ಸವಾರಿಯನ್ನು ಹಿಂದಿನ ದಿನಕ್ಕೇ ಇಟ್ಟುಕೊಳ್ಳಿ.