ಗಾಲ್ಫ್ ಕೋಲು ಮತ್ತು ಅಜ್ಜಿಯ ಹೆಜ್ಜೆ: ಎಚ್ಚರ ಎಲ್ಲಿರಬೇಕು?



ಈ ವಾರದ ಆರೋಗ್ಯ ಪಾಠ ಗಾಲ್ಫ್ ಆಟದಿಂದ ಶುರುವಾಗುತ್ತದೆ. "ಡೊಂಬಿವಲಿ ಎಂಐಡಿಸಿಯ ನಮಗೂ ಗಾಲ್ಫಿಗೂ ಏನು ಸಂಬಂಧ?" ಎಂದು ನೀವು ಕೇಳಬಹುದು. ನವಿ ಮುಂಬಯಿಯ ಖಾರ್ಘರ್‌ನಲ್ಲಿ ಸಿಡ್ಕೊದ ಗಾಲ್ಫ್ ಮೈದಾನ ಇದೆ, ಆದರೆ ನಮ್ಮಲ್ಲಿ ಅಲ್ಲಿಗೆ ಹೋಗಿ ಆಡಿದವರು ಕಡಿಮೆ. ಆದರೂ 2021ರ ಆಗಸ್ಟ್ 7ರ ಬೆಳಿಗ್ಗೆ ಅನೇಕರು ಮೊದಲ ಬಾರಿಗೆ ಗಾಲ್ಫ್ ನೋಡಲು ಟಿವಿ ಮುಂದೆ ಕುಳಿತಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕದ ಸನಿಹ ಬಂದಿದ್ದರು. ಆಗ ಅವರ ವಿಶ್ವ ಶ್ರೇಯಾಂಕ 200. ಕೊನೆಗೆ ನಾಲ್ಕನೆಯ ಸ್ಥಾನ ಬಂತು. ಒಂದೇ ಒಂದು ಹೊಡೆತದಿಂದ ಪದಕ ತಪ್ಪಿತು. ಚೆಂಡನ್ನು ಬಹಳ ದೂರ ಹೊಡೆಯುವ ಬಲ ಅವರದಲ್ಲ. ಹಸಿರಿನ ಮೇಲೆ ಮೆಲ್ಲಗೆ ಗುಳಿಗೆ ಇಳಿಸುವ 'ಪಟ್' ಹೊಡೆತವೇ ಅವರ ಬಲ.

ಬಲಕ್ಕಿಂತ ಹಿಡಿತ ಮುಖ್ಯವಾದ ಈ ಆಟದಲ್ಲಿ, ಹಿಡಿತ ಅತಿಯಾದರೆ ಏನಾಗುತ್ತದೆ ಎಂಬುದೇ ಇಂದಿನ ಪಾಠ. ಅದು ನಿಮ್ಮ ಮನೆಯ ಹಿರಿಯರ ಮೆಟ್ಟಿಲಿನವರೆಗೂ ಬರುತ್ತದೆ.

*ಕಾಲು ಸೆಕೆಂಡಿನ ಕೆಲಸ*

ಗಾಲ್ಫ್ ಆಟಗಾರ ಕೋಲನ್ನು ಹಿಂದಕ್ಕೆ ಎತ್ತಲು ಸುಮಾರು ಮುಕ್ಕಾಲು ಸೆಕೆಂಡು ಬೇಕು. ಅಲ್ಲಿಂದ ಕೆಳಗೆ ಬೀಸಿ ಚೆಂಡಿಗೆ ತಾಗಿಸಲು ಬರೀ ಕಾಲು ಸೆಕೆಂಡು. ಅಷ್ಟರಲ್ಲಿ ಮೊದಲು ಸೊಂಟ ತಿರುಗುತ್ತದೆ, ಆಮೇಲೆ ಎದೆ, ನಂತರ ತೋಳು, ಕೊನೆಗೆ ಮಣಿಕಟ್ಟು ಮತ್ತು ಕೋಲು. ಚಾಟಿ ಬೀಸಿದ ಹಾಗೆ ಒಂದರ ವೇಗ ಇನ್ನೊಂದಕ್ಕೆ ದಾಟುತ್ತದೆ.

ಈಗ ಲೆಕ್ಕ ನೋಡಿ. ಕಣ್ಣು, ಕೀಲುಗಳಿಂದ ಸುದ್ದಿ ಮಿದುಳಿಗೆ ಹೋಗಿ, ಅಲ್ಲಿಂದ ತಿದ್ದುಪಡಿಯ ಆಜ್ಞೆ ಸ್ನಾಯುವಿಗೆ ಬರಲು ಹೆಚ್ಚುಕಡಿಮೆ ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯುತ್ತದೆ. ಅಂದರೆ ಬೀಸು ಶುರುವಾದ ಮೇಲೆ "ಮೊಣಕೈ ಒಳಗೆ, ಮಣಿಕಟ್ಟು ನೇರ" ಎಂದು ಮನಸ್ಸು ಹೇಳಿದರೆ ಆ ಮಾತು ತಲುಪುವ ಹೊತ್ತಿಗೆ ಚೆಂಡು ಹೊರಟು ಹೋಗಿರುತ್ತದೆ. ಆ ಆಜ್ಞೆಯಿಂದ ಉಪಯೋಗವಿಲ್ಲ, ಉಪದ್ರವ ಮಾತ್ರ. ಒಂದು ಕೀಲಿನ ಎರಡೂ ಬದಿಯ ಸ್ನಾಯುಗಳು ಒಟ್ಟಿಗೆ ಬಿಗಿಯಾಗುತ್ತವೆ, ಸರಾಗವಾಗಿದ್ದ ಚಲನೆ ತುಂಡು ತುಂಡಾಗುತ್ತದೆ.

ನಾಲ್ಕು ದೊಡ್ಡ ಪ್ರಶಸ್ತಿ ಗೆದ್ದ ದಕ್ಷಿಣ ಆಫ್ರಿಕದ ಎರ್ನಿ ಎಲ್ಸ್ 2016ರ ಮಾಸ್ಟರ್ಸ್ ಪಂದ್ಯದ ಮೊದಲ ಗುಳಿಯಲ್ಲೇ, ಸುಮಾರು ಮೂರು ಅಡಿ ದೂರದಿಂದ ಆರು ಪಟ್ ಹೊಡೆಯಬೇಕಾಯಿತು. ಸಾವಿರಾರು ಸಲ ಮಾಡಿದ ಕೆಲಸವೇ ಕೈಗೆ ಬಾರದಂತಾಗುವುದಕ್ಕೆ ಗಾಲ್ಫಿನವರು 'ಯಿಪ್ಸ್' ಎನ್ನುತ್ತಾರೆ.

ಇದು ನಮ್ಮ ಮನೆಗಳಲ್ಲೂ ಉಂಟು. ಬಾಗಿಲ ಮುಂದೆ ರಂಗೋಲಿಯ ಎಳೆ ಎಳೆಯುವವರಿಗೆ "ಹೆಬ್ಬೆರಳು ಎಷ್ಟು ಒತ್ತುತ್ತೀರಿ?" ಎಂದು ಕೇಳಿ ನೋಡಿ. ಅದನ್ನೇ ಯೋಚಿಸುತ್ತಾ ಎಳೆದರೆ ಮುಂದಿನ ಎಳೆ ಸೊಟ್ಟಗಾಗುತ್ತದೆ. ದೋಸೆ ಹಿಟ್ಟು ಹರಡುವ ಕೈಯೂ ಹಾಗೆಯೇ.

*ಸಂಶೋಧಕರು ಕಂಡದ್ದು*

▪️ 1992ರಲ್ಲಿ ಬ್ರಿಟನ್ನಿನ ರಿಚ್ ಮಾಸ್ಟರ್ಸ್ ಹೊಸಬರಿಗೆ ಪಟ್ ಹೊಡೆಯಲು ಕಲಿಸಿದರು. ಒಂದು ಗುಂಪಿಗೆ ಹೊಡೆಯುವ ಕ್ರಮವನ್ನೆಲ್ಲ ವಿವರಿಸಿ ಹೇಳಿದರು. ಇನ್ನೊಂದು ಗುಂಪು ವಿವರಣೆಯಿಲ್ಲದೆ, ಬಾಯಲ್ಲಿ ಯಾವುದಾದರೂ ಅಕ್ಷರ ಹೇಳುತ್ತಾ ಕಲಿಯಿತು. ಆಮೇಲೆ ಇಬ್ಬರ ಮೇಲೂ ಒತ್ತಡ ಹಾಕಿದಾಗ, ವಿವರಣೆಯಿಲ್ಲದೆ ಕಲಿತವರು ಸುಧಾರಿಸುತ್ತಲೇ ಹೋದರು. ವಿವರ ಗೊತ್ತಿದ್ದವರಿಗೆ ಅದು ಆಗಲಿಲ್ಲ.

▪️ 1999ರಲ್ಲಿ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು ಗಾಲ್ಫ್ ಗೊತ್ತಿಲ್ಲದವರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ "ತೋಳಿನ ಬೀಸಿನ ಮೇಲೆ ಗಮನ ಇಡಿ" ಎಂದರು, ಇನ್ನೊಂದಕ್ಕೆ "ಕೋಲಿನ ಬೀಸಿನ ಮೇಲೆ" ಎಂದರು. ಕೋಲನ್ನು ಗಮನಿಸಿದವರ ಗುರಿಯೇ ಚೆನ್ನಾಗಿತ್ತು. ಮರುದಿನವೂ ಹಾಗೆಯೇ.

▪️ 2002ರಲ್ಲಿ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ನುರಿತ ಆಟಗಾರರಿಗೆ ತಮ್ಮ ಹೊಡೆತವನ್ನೇ ಗಮನಿಸಲು ಹೇಳಿದಾಗ ಆಟ ಕೆಟ್ಟಿತು. ಆದರೆ ಫುಟ್‌ಬಾಲ್ ಕಲಿಯುತ್ತಿದ್ದ ಹೊಸಬರಿಗೆ ಕಾಲಿನ ಮೇಲೆ ಗಮನ ಇಟ್ಟರೆ ಅನುಕೂಲವೇ ಆಯಿತು.

ಇದರ ಸಾರ: ಕಲಿಯುವಾಗ ಯೋಚನೆ ಬೇಕು. ಕಲಿತ ಮೇಲೆ, ಮಾಡುವ ಗಳಿಗೆಯಲ್ಲಿ ಅಂಗಾಂಗಕ್ಕೆ ಆಜ್ಞೆ ಕೊಡಬಾರದು. ಗಮನ ಮೈಯಿಂದ ಹೊರಗೆ, ಮಾಡಬೇಕಾದ ಕೆಲಸದ ಮೇಲೆ ಇರಬೇಕು.

*ನಮ್ಮ ಮನೆಯ ಗಾಲ್ಫ್: ನಡಿಗೆ*

ನಡಿಗೆಯೂ ಬಾಲ್ಯದಲ್ಲೇ ಕಲಿತು ಮೈಗೂಡಿದ ವಿದ್ಯೆ. ಎಪ್ಪತ್ತು ವರ್ಷ ಯೋಚಿಸದೆ ನಡೆದವರು ಒಮ್ಮೆ ಬಚ್ಚಲಲ್ಲೋ, ಮಳೆಗಾಲದಲ್ಲಿ ಸ್ಟೇಷನ್ ಬ್ರಿಜ್ ಮೆಟ್ಟಿಲಲ್ಲೋ ಜಾರಿ ಬೀಳುತ್ತಾರೆ. ಅಲ್ಲಿಂದ ಅವರು ಒಂದೊಂದು ಹೆಜ್ಜೆಯನ್ನೂ ಲೆಕ್ಕ ಹಾಕಿ ಇಡತೊಡಗುತ್ತಾರೆ. ಕಣ್ಣು ಪಾದದ ಮೇಲೆ, ಮಂಡಿ ಬಿಗಿ, ಹೆಜ್ಜೆ ಗಿಡ್ಡ. ಪಾದ ಎತ್ತದೆ ಎಳೆಯುವುದರಿಂದ ಕಾಲೊರಸು ಮ್ಯಾಟಿನ ಅಂಚಿಗೂ ತಾಗುತ್ತದೆ. ತಲೆ ತಗ್ಗಿಸಿರುವುದರಿಂದ ಎದುರಿನಿಂದ ಬರುವ ಹುಡುಗನ ಸೈಕಲ್ ಕಾಣುವುದಿಲ್ಲ.

2008ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಿರಿಯರ ಮೇಲೆ ನಡೆದ ಅಧ್ಯಯನದಲ್ಲಿ, ಹಿಂದೆ ಬಿದ್ದಿದ್ದವರು ತಮ್ಮ ಚಲನೆಯನ್ನು ತಾವೇ ಗಮನಿಸಿ ನಿಯಂತ್ರಿಸುವ ಸ್ವಭಾವವನ್ನು ಬೀಳದವರಿಗಿಂತ ಹೆಚ್ಚಾಗಿ ತೋರಿದರು. ಬಿದ್ದ ಭಯದಿಂದ ಆ ಅಭ್ಯಾಸ ಬಂದಿರಬಹುದು, ಆ ಅಭ್ಯಾಸವೇ ಮತ್ತೆ ಬೀಳಿಸಲೂಬಹುದು. ಭಯದಿಂದ ಹೊರಗೆ ಹೋಗುವುದು ನಿಂತರೆ ಕಾಲಿನ ಸ್ನಾಯು ಸೊರಗುತ್ತದೆ, ಸೊರಗಿದ ಕಾಲು ಮತ್ತೆ ಎಡವುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿಯುವ ಭಯವೂ ಇದೆ.

ಹಾಗಾದರೆ ಎಚ್ಚರವೇ ಬೇಡವೇ? ಖಂಡಿತ ಬೇಕು. ಆದರೆ ಅದರ ಜಾಗ ಬೇರೆ. *ಎಚ್ಚರ ದಾರಿಯ ಮೇಲೆ ಇರಲಿ, ಕಾಲಿನ ಮೇಲೆ ಅಲ್ಲ.*

"ಅತ್ತೆ, ನಿಧಾನ, ಕಾಲು ಎತ್ತಿ ಇಡಿ, ಮಂಡಿ ಮಡಚಿ" ಎಂದರೆ ಅವರ ಗಮನ ಕಾಲಿಗೆ ಹೋಗುತ್ತದೆ. "ಅತ್ತೆ, ಮುಂದೆ ನೆಲ ಒದ್ದೆ ಇದೆ, ಈ ಕಂಬಿ ಹಿಡ್ಕೊಳ್ಳಿ" ಎಂದರೆ ದಾರಿಗೆ ಹೋಗುತ್ತದೆ. ಎರಡೂ ಪ್ರೀತಿಯ ಮಾತೇ. ಉಪಯೋಗಕ್ಕೆ ಬರುವುದು ಎರಡನೆಯದು.

*ಮನೆಯಲ್ಲಿ ಮಾಡಬಹುದಾದದ್ದು*

1️⃣ ನೋಟ ಎರಡು ಮೂರು ಹೆಜ್ಜೆ ಮುಂದೆ ಇರಲಿ. "ಆ ಗೇಟಿನವರೆಗೆ", "ಮುಂದಿನ ಅಂಗಡಿಯವರೆಗೆ" ಎಂದು ಗುರಿ ಇಟ್ಟುಕೊಂಡು ನಡೆಯಲಿ.

2️⃣ ಮೆಟ್ಟಿಲಲ್ಲಿ ಕಂಬಿ ಹಿಡಿಯುವುದು ನಾಚಿಕೆಯಲ್ಲ. ಕೈಗೆ ಆಧಾರ ಸಿಕ್ಕರೆ ಕಾಲಿನ ಚಿಂತೆ ತಾನಾಗಿ ಕಡಿಮೆಯಾಗುತ್ತದೆ. ಓದುವ ಮತ್ತು ದೂರ ನೋಡುವ ಎರಡೂ ಭಾಗ ಇರುವ ಕನ್ನಡಕದಲ್ಲಿ ಕೆಳಗಿನ ಮೆಟ್ಟಿಲು ಮಸುಕಾಗಿ ಕಾಣಬಹುದು. ಆ ಬಗ್ಗೆ ಕಣ್ಣಿನ ವೈದ್ಯರನ್ನು ಕೇಳಿ.

3️⃣ ಯೋಚನೆಯನ್ನು ಮೊದಲೇ ಮುಗಿಸಿ. ಬಚ್ಚಲಿಗೆ ಜಾರದ ಮ್ಯಾಟ್, ಗೋಡೆಗೆ ಹಿಡಿಕೆ, ರಾತ್ರಿ ಸಣ್ಣ ದೀಪ, ನೆಲದ ಮೇಲಿನ ವಯರ್ ತೆಗೆಯುವುದು, ಇವೆಲ್ಲ ನಡೆಯುವ ಮುಂಚಿನ ಎಚ್ಚರ.

4️⃣ ನಡೆಯುತ್ತಾ ಮೊಬೈಲ್ ಬೇಡ. 1997ರ ಸ್ವೀಡನ್ನಿನ ಅಧ್ಯಯನವೊಂದರಲ್ಲಿ 58 ಹಿರಿಯರ ಪೈಕಿ 12 ಮಂದಿ ಮಾತು ಶುರುವಾದ ಕೂಡಲೇ ನಡಿಗೆ ನಿಲ್ಲಿಸುತ್ತಿದ್ದರು. ಆ 12ರಲ್ಲಿ 10 ಮಂದಿ ಮುಂದಿನ ಆರು ತಿಂಗಳಲ್ಲಿ ಬಿದ್ದರು. ಕಾಲನ್ನು ಮರೆಯುವುದೆಂದರೆ ಮನಸ್ಸನ್ನು ಬೇರೆಡೆ ಕಳಿಸುವುದು ಎಂದಲ್ಲ. ಊರಿನಿಂದ ಫೋನ್ ಬಂದರೆ ನಿಂತು, ಇಲ್ಲವೇ ಕುಳಿತು ಮಾತಾಡಲಿ. ನಿಮ್ಮ ಮನೆಯ ಹಿರಿಯರೂ ಮಾತಾಡಲು ಪ್ರತಿ ಸಲ ನಿಲ್ಲುತ್ತಿದ್ದರೆ ವೈದ್ಯರಿಗೆ ತಿಳಿಸಿ.

5️⃣ ಬಲವನ್ನು ಬೇರೆ ಹೊತ್ತಿನಲ್ಲಿ ಬೆಳೆಸಿ. ಕುರ್ಚಿಯಿಂದ ಎದ್ದು ಕೂರುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಪಾದದ ಮುಂದೆ ಇನ್ನೊಂದು ಇಟ್ಟು ನಿಲ್ಲುವುದು. ವಾರಕ್ಕೆ ಮೂರು ದಿನ, ಮೈಗೆ ಹಿತವಾದಷ್ಟು, ಪಕ್ಕದಲ್ಲಿ ಯಾರಾದರೂ ಇರುವಾಗ. ಅಭ್ಯಾಸದ ಹೊತ್ತಿನಲ್ಲಿ ಕಾಲನ್ನು ಗಮನಿಸಬಹುದು, ರಸ್ತೆಯಲ್ಲಿ ಅಲ್ಲ.

6️⃣ ಮಕ್ಕಳಿಗೂ ಇದೇ ಪಾಠ. ಮೈದಾನದಲ್ಲಿ ಬ್ಯಾಟ್ ಹಿಡಿದ ಮಗನಿಗೆ ಬೇಲಿಯಾಚೆಯಿಂದ "ಮೊಣಕೈ ಮೇಲೆ, ತಲೆ ನೇರ, ಎಡಗಾಲು ಮುಂದೆ" ಎಂದು ಕೂಗಬೇಡಿ. ಅದೆಲ್ಲ ಅಭ್ಯಾಸದಲ್ಲಿ, ಒಂದು ದಿನಕ್ಕೆ ಒಂದೇ ಮಾತು. ಪಂದ್ಯದಲ್ಲಿ "ಚೆಂಡು ನೋಡು" ಎಂದರೆ ಸಾಕು.

7️⃣ ಗಾಲ್ಫ್, ಬ್ಯಾಡ್ಮಿಂಟನ್ ಆಡುವ ದೊಡ್ಡವರು ಕೋಲನ್ನೋ ರ್‍ಯಾಕೆಟ್ಟನ್ನೋ ಬಿಗಿಯಾಗಿ ಹಿಸುಕಬೇಡಿ. ಗಾಲ್ಫಿನಲ್ಲಿ ಹೆಚ್ಚು ನೋಯುವುದು ಕೆಳಬೆನ್ನು ಮತ್ತು ಮೊಣಕೈ. ವಿಡಿಯೋ ನೋಡಿ ಒಂದೇ ದಿನ ಹತ್ತು ತಿದ್ದುಪಡಿ ಮಾಡಹೊರಟರೆ ಆ ಎರಡು ಕಡೆಯೇ ಭಾರ ಬೀಳುತ್ತದೆ.

*ಈ ಪಾಠ ಅನ್ವಯಿಸದ ಸಂದರ್ಭಗಳು*

ಮಂಡಿಯ ಆಪರೇಷನ್, ಪಾರ್ಶ್ವವಾಯು, ಪ್ಲಾಸ್ಟರ್ ತೆಗೆದ ಮೇಲಿನ ಮೊದಲ ದಿನಗಳಲ್ಲಿ ನಡಿಗೆಯನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಆಗ ಫಿಸಿಯೋಥೆರಪಿಸ್ಟ್ ಹೇಳಿದಂತೆ ಹೆಜ್ಜೆ ಗಮನಿಸಿಯೇ ಇಡಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ತಾನಾಗಿ ನಡೆಯುವ ಶಕ್ತಿಯೇ ಕುಂದುತ್ತದೆ. ನೆಲದ ಮೇಲೆ ಪಟ್ಟಿ ಎಳೆದು ಅದನ್ನು ದಾಟುವುದು, ತಾಳಕ್ಕೆ ಹೆಜ್ಜೆ ಹಾಕುವುದು ಅಂಥವರಿಗೆ ನೆರವಾಗುತ್ತದೆ.

ಇವು ಕಂಡರೆ "ಬರೀ ಯೋಚನೆ, ಬಿಟ್ಟುಬಿಡಿ" ಎಂದು ತಳ್ಳಿಹಾಕದೆ ವೈದ್ಯರನ್ನು ಕಾಣಿರಿ:
🔸 ಆರು ತಿಂಗಳಲ್ಲಿ ಎರಡು ಸಲ ಬಿದ್ದಿದ್ದರೆ
🔸 ನಡಿಗೆ ಒಮ್ಮೆಲೇ ಬದಲಾದರೆ, ಒಂದು ಬದಿ ಸೋತರೆ (ತಡ ಮಾಡದೆ ಆಸ್ಪತ್ರೆಗೆ)
🔸 ಎದ್ದು ನಿಂತಾಗ ತಲೆ ಸುತ್ತಿದರೆ, ಪಾದ ಜೋಮು ಹಿಡಿದರೆ
🔸 ಬರೆಯುವಾಗ ಅಥವಾ ವಾದ್ಯ ನುಡಿಸುವಾಗ ಮಾತ್ರ ಬೆರಳು ತಾನಾಗಿ ಸೊಟ್ಟಗಾದರೆ. ಇದು ನರಕ್ಕೆ ಸಂಬಂಧಿಸಿದ ತೊಂದರೆ ಇರಬಹುದು, ಕೆಲವರ ಯಿಪ್ಸ್ ಕೂಡ ಇದೇ ಬಗೆಯದು.

*ನೆನಪಿಡಿ*

ಅಭ್ಯಾಸದಲ್ಲಿ ಯೋಚಿಸಿ, ಮಾಡುವಾಗ ಮೈಯನ್ನು ನಂಬಿ. ಮೊದಲೇ ದಾರಿ ಸರಿಮಾಡಿ, ಆಮೇಲೆ ದಾರಿ ನೋಡಿ ನಡೆಯಿರಿ.

ಇಂದು ಸಂಜೆ ಮನೆಯ ಹಿರಿಯರ ಜೊತೆ ಹತ್ತು ನಿಮಿಷ ನಡೆಯಿರಿ. ಅವರು ಕಾಲು ನೋಡುತ್ತಿದ್ದಾರೆಯೇ, ದಾರಿ ನೋಡುತ್ತಿದ್ದಾರೆಯೇ ಎಂದು ಸುಮ್ಮನೆ ಗಮನಿಸಿ. ಕಾಲು ನೋಡುತ್ತಿದ್ದರೆ ತಿದ್ದಬೇಡಿ, ಕೈ ಕೊಡಿ. ಮುಂದೆ ಕಾಣುವ ಮರವನ್ನೋ ಅಂಗಡಿಯನ್ನೋ ತೋರಿಸಿ "ಅಲ್ಲಿಯವರೆಗೆ ಹೋಗೋಣ" ಎನ್ನಿ.

ಹಿರಿಯರಿರುವ ಮನೆಗಳಿಗೆ ಇದನ್ನು ತಲುಪಿಸಿ. ಎಲ್ಲರಿಗೂ ಆರೋಗ್ಯವಿರಲಿ. 🌿